ಧೂಪದ ಬೀಜಕ್ಕೆ ಅವಸರ



ಎರ್ನಾಕುಳಂನ ಕನ್ನಡಿಗರೆಲ್ಲ ಸೇರಿ ಪಶ್ಚಿಮಘಟ್ಟದ ಮರಗಳ ಪ್ರದರ್ಶನ ಏರ್ಪಡಿಸಿದ್ದೀರಿ, ದೀಪ ಹಚ್ಚಲು ನನ್ನನ್ನು ಕರೆದಿದ್ದೀರಿ. ಸಂತೋಷ. ನಾನು ಒಂದೇ ಮರದ ವಿಷಯ ಮಾತಾಡುತ್ತೇನೆ: ನಮ್ಮ ಸಾಲುಧೂಪ, ಇಲ್ಲಿಯವರ ವೆಳ್ಳಪ್ಪೈನ್.

ಕರಾವಳಿ, ಮಲೆನಾಡಿನಿಂದ ಬಂದವರು ಇದರ ನೆರಳಲ್ಲಿ ನಡೆದವರೇ. ಆದರೆ ಈ ಮರ ಶಾಸ್ತ್ರಗ್ರಂಥ ಸೇರಿದ್ದು ಕೊಚ್ಚಿಯ ಮೂಲಕ. ಡಚ್ ಅಧಿಕಾರಿ ವಾನ್ ರೀಡ್ ಇಲ್ಲಿದ್ದುಕೊಂಡು ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಮರಗಳ ಗುಟ್ಟು ಬಿಚ್ಚಿಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುದನ್, ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಅದರಲ್ಲಿ 'ಪೈನೊ' ಎಂದು ಚಿತ್ರಿಸಿದ ಮರವೇ 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್‌ನ ಪುಸ್ತಕದಲ್ಲಿ 'ವಟೇರಿಯಾ ಇಂಡಿಕಾ' ಆಯಿತು. ಅಬ್ರಹಾಂ ವಾಟರ್ ಎಂಬ ಜರ್ಮನ್ ಅಂಗರಚನಾ ಪಂಡಿತನ ಗೌರವಾರ್ಥ! ಈ ಮರದ ಹೆಸರಿನಲ್ಲಿ ನಮ್ಮ ವೈದ್ಯರಿಗೆ ಪಾಲು ಸಿಗಲಿಲ್ಲ, ಹೋಗಲಿ.

ವಟೇರಿಯಾ ಕುಲದಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯ ಪ್ರಭೇದಗಳು. ಒಂದು ಶ್ರೀಲಂಕೆಯದು. ದೊಡ್ಡ ಕಾಯಿಯ 'ಮ್ಯಾಕ್ರೊಕಾರ್ಪಾ' ಪಾಲಕ್ಕಾಡ್ ಕಡೆಯ ಕಾಡಿಗಷ್ಟೇ ಸೀಮಿತ. ಸೇಶೆಲ್ಸ್ ದ್ವೀಪದ ನೆಂಟನನ್ನು ಪಂಡಿತರು ಬೇರೆ ಕುಲಕ್ಕೇ ಸಾಗಿಸಿದ್ದಾರೆ. ಇದು ಬರಿಯ ಹೆಸರಿನ ಜಗಳವಲ್ಲ. ಮ್ಯಾಕ್ರೊಕಾರ್ಪಾವನ್ನು ಸಾಲುಧೂಪವೆಂದೇ ಲೆಕ್ಕ ಹಾಕಿದರೆ, ಅದು ಅಳಿದದ್ದೂ ನಮಗೆ ಗೊತ್ತಾಗದು.

ಧೂಪ ಮಳೆಗಾಲದ ಹೊಸ್ತಿಲಲ್ಲಿ ಕಾಯಿ ಉದುರಿಸುತ್ತದೆ. ಗಾಳಿಯಲ್ಲಿ ಹಾರಲು ರೆಕ್ಕೆಯಿಲ್ಲ. ಹೆಚ್ಚಿನವು ತಾಯಿಮರದ ಬುಡದಲ್ಲೇ ಬೀಳುತ್ತವೆ. ಬೀಜ ಒಣಗಿತೋ, ಸತ್ತಿತು. ಭತ್ತದ ಹಾಗೆ ಕಣಜದಲ್ಲಿ ತುಂಬಿಟ್ಟು ಮುಂದಿನ ವರ್ಷ ಬಿತ್ತೋಣವೆಂದರೆ ನಡೆಯುವುದಿಲ್ಲ. ಬೀಜಭಂಡಾರ ಕಟ್ಟಿ ಉಳಿಸುವ ಮರವಲ್ಲ ಇದು. ಇದರ ಮೇಲೆ ಪ್ಲೈವುಡ್ಡಿಗೆ, ಚಹಾ ಪೆಟ್ಟಿಗೆಗೆ ಕಡಿದದ್ದು ಎಷ್ಟೋ. ಬೀಜದ ಕೊಬ್ಬು ಸಾಬೂನಿಗೂ ಚಾಕಲೇಟಿಗೂ ಹೋಗುತ್ತದೆ. ಆರಿಸುವವರು ಒಂದು ಪಾಲು ಬಿಟ್ಟರೆ ತಾನೆ ಸಸಿ?

ಪೆರುಂಬಾವೂರು ಎಂದರೆ ಈಗ ಪ್ಲೈವುಡ್ ಊರು, ಅಲ್ಲಿ ಬಳಸುವುದು ಹೆಚ್ಚಾಗಿ ರಬ್ಬರ್ ಮರ. ಅದೇ ಊರಿನ ಪಕ್ಕದ ಇರಿಂಗೋಳ್ ಕಾವು ಎಂಬ ದೇವರಕಾಡಿನಲ್ಲಿ ವೆಳ್ಳಪ್ಪೈನ್ ಇನ್ನೂ ನಿಂತಿದೆ, ದೇವಿಯ ಕಾವಲಿನಲ್ಲಿ. ಪ್ರದರ್ಶನ ನೋಡಿದವರು ಒಮ್ಮೆ ಅಲ್ಲಿಗೂ ಹೋಗಿಬನ್ನಿ. ತಿರುವನಂತಪುರದ ಕಡೆ ಹೋಗುವವರಿಗೆ ಪಾಲೋಡಿನ ಸಸ್ಯೋದ್ಯಾನವಿದೆ.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಬಾರಿ ಪ್ರದರ್ಶನವನ್ನು ಜೂನ್-ಜುಲೈಗೆ ಇಡಿ. ಮಳೆಯಲ್ಲಿ ಜನ ಬರುವುದು ಕಷ್ಟ, ಒಪ್ಪುತ್ತೇನೆ. ಆದರೆ ಚಿತ್ರದ ಜತೆಗೆ ಹಸಿ ಬೀಜವನ್ನೂ ಕೈಗೆ ಕೊಟ್ಟು ಕಳಿಸಬಹುದು.

ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಒಳಗೆ ಬನ್ನಿ.