ತೊದಲು ಮಾತಿನ ಸಚಿವ

ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ 1897ರಲ್ಲಿ ಹುಟ್ಟಿದ ಅನೈರಿನ್ ಬೆವನ್, ಮೀಸೆ ಮೂಡುವ ಮೊದಲೇ ಕಲ್ಲಿದ್ದಲು ಗಣಿಗಿಳಿದ ಹುಡುಗ. ಮಾತು ತೊದಲು. ನಾಲಿಗೆ ತಡವರಿಸುವ ಪದ ಎದುರಾದರೆ ಅದೇ ಅರ್ಥದ ಇನ್ನೊಂದನ್ನು ಹುಡುಕಿ ಪಾರಾಗುತ್ತಿದ್ದ. ಪದಗಳ ದಾಸ್ತಾನಿಗೆ ಕಾರ್ಮಿಕರ ಗ್ರಂಥಾಲಯವಿತ್ತು. ಮುಂದೆ ಆತ ಬ್ರಿಟಿಷ್ ಸಂಸತ್ತಿನ ಮಾತಿನಮಲ್ಲನಾದದ್ದು ಈ ತೊದಲಿನಿಂದಲೇ ಏನೋ!

ಗಣಿಯ ಧೂಳು ಕುಡಿದ ಶ್ವಾಸಕೋಶದಿಂದ ತಂದೆ 1925ರಲ್ಲಿ ತೀರಿಕೊಂಡರು. ಪರಿಹಾರ ಸಿಗಲಿಲ್ಲ. ಊರಿನ ಕಾರ್ಮಿಕರು ಕೂಲಿಯಲ್ಲಿ ಅಷ್ಟಿಷ್ಟು ಕೂಡಿಸಿ ತಮ್ಮದೇ ವೈದ್ಯಕೀಯ ಸಂಘ ನಡೆಸುತ್ತಿದ್ದರು. 1945ರಲ್ಲಿ ಪ್ರಧಾನಿ ಅಟ್ಲಿ ಅವರ ಸರ್ಕಾರದ ಆರೋಗ್ಯ ಸಚಿವರಾದ ಬೆವನ್, ಅದನ್ನೇ ಇಡೀ ದೇಶಕ್ಕೆ ಹಿಗ್ಗಿಸಲು ಹೊರಟರು. ವೈದ್ಯರ ಸಂಘ ಪಟ್ಟು ಹಿಡಿಯಿತು. ಆದರೂ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ರೋಗಿ ಇನ್ನು ಜೇಬು ತಡಕಬೇಕಿರಲಿಲ್ಲ.

1951ರಲ್ಲಿ ಕನ್ನಡಕಕ್ಕೂ ಕಟ್ಟಿಸಿಕೊಳ್ಳುವ ಹಲ್ಲಿಗೂ ಶುಲ್ಕ ಹಾಕಲು ತಮ್ಮ ಸರ್ಕಾರವೇ ಮುಂದಾದಾಗ ಅವರು ರಾಜೀನಾಮೆ ಬಿಸಾಕಿದರು. ಹಟಮಾರಿ ಎಂದರು ಜನ. ಪಕ್ಷದಲ್ಲಿ ಬಿರುಕು ಮೂಡಿದ್ದೂ ನಿಜ. ನನಗಂತೂ ಆ ಹಟ ಇಷ್ಟ. ಜುಜುಬಿ ಶುಲ್ಕ ಅನ್ನುವವರು ಗಣಿ ಊರಿನ ಮುದುಕರ ಬಾಯಿ ನೋಡಿರಲಿಕ್ಕಿಲ್ಲ.

ಬೆವನ್ ತೀರಿಕೊಂಡದ್ದು 1960ರ ಜುಲೈ 6ರಂದು, ಆರೋಗ್ಯ ಸೇವೆಗೆ 12 ವರ್ಷ ತುಂಬಿದ ಮರುದಿನ.