ಟ್ರಿನಿಡಾಡ್‌ನಲ್ಲಿ ಅಮ್ಮನಿಗೆ ಸಿಕ್ಕ ಪತ್ರೊಡೆ

ನನ್ನೂರು ಪುತ್ತೂರು, ಕೆಲಸ ಪುಣೆಯ ಹಿಂಜವಡಿಯಲ್ಲಿ. ಇವತ್ತು ಕೋಡ್ ಬಗ್ಗೆ ಮಾತಾಡಲ್ಲ, ಊಟದ ಬಗ್ಗೆ. ಹೋದ ವರ್ಷ ನ್ಯೂಜೆರ್ಸಿಯಲ್ಲಿರೋ ಅಕ್ಕನ ಮನೆಗೆ ಹೋದವರು, ಅಲ್ಲಿಂದ ಒಂದು ವಾರ ಕೆರಿಬಿಯನ್‌ನ ಟ್ರಿನಿಡಾಡ್ ದ್ವೀಪಕ್ಕೆ ಹೋಗಿದ್ವಿ. ಜೊತೆಗೆ ಅಮ್ಮ. ಅಮ್ಮ ಶುದ್ಧ ಸಸ್ಯಾಹಾರಿ, ಮೇಲಾಗಿ ಶುಗರ್ ಮಾತ್ರೆ ತಗೊಳ್ಳೋರು.

ನಾನು ಮಾಡಿದ ತಪ್ಪು ನಾವೆಲ್ಲ ಮಾಡೋದೇ. ಹೊರಡೋ ಮೊದಲೇ ಸ್ಪ್ರೆಡ್‌ಶೀಟ್ ಮಾಡಿ, ಮ್ಯಾಪಿನಲ್ಲಿ 4.5ಕ್ಕಿಂತ ಹೆಚ್ಚು ರೇಟಿಂಗ್ ಇರೋ ಜಾಗಗಳನ್ನ ಮಾತ್ರ ಇಟ್ಟುಕೊಂಡಿದ್ದೆ. ಮೊದಲ ರಾತ್ರಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂಥದ್ದೊಂದಕ್ಕೆ ಹೋದ್ರೆ, ವೆಜಿಟೆಬಲ್ ರೈಸ್ ಅಂತ ತಂದಿಟ್ಟದ್ದನ್ನ ಬೇಯಿಸಿದ್ದು ಕೋಳಿ ಬೇಯಿಸಿದ ನೀರಲ್ಲಿ! ಅಮ್ಮ ತಟ್ಟೆ ಸರಿಸಿದ್ರು, ಏನೂ ಹೇಳಲಿಲ್ಲ. ಮಾರನೇ ದಿನವೆಲ್ಲ ಬಾಳೆಹಣ್ಣು, ಬ್ಯಾಗಿನಲ್ಲಿದ್ದ ಒಂದು ಹಿಡಿ ಅವಲಕ್ಕಿ. ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಸಂಜೆ ಕೈ ನಡುಗಿ, ಬೆವರಿ ಕೂತುಬಿಟ್ರು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡ್ರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಪ್ರೆಡ್‌ಶೀಟ್ ಡಿಲೀಟ್ ಮಾಡಿದೆ.

ಬೆಳಿಗ್ಗೆ ಟ್ಯಾಕ್ಸಿಯವರನ್ನ ಕೇಳಿದೆ. ನೋಡಿ, "ಒಳ್ಳೇ ರೆಸ್ಟೋರೆಂಟ್ ಎಲ್ಲಿದೆ" ಅಂದ್ರೆ ಟೂರಿಸ್ಟ್ ಜಾಗಾನೇ ತೋರಿಸ್ತಾರೆ. ನಾನು ಕೇಳಿದ್ದು, "ನೀವು ಬೆಳಿಗ್ಗೆ ಎಲ್ಲಿ ತಿಂದ್ರಿ?" ನಕ್ಕು, ರಸ್ತೆ ಬದಿಯ ಡಬಲ್ಸ್ ಗಾಡಿ ಮುಂದೆ ನಿಲ್ಲಿಸಿದ್ರು. ಯೂನಿಫಾರ್ಮಿನ ಮಕ್ಕಳು, ಆಫೀಸಿನವರು, ಕೂಲಿಯವರು ಎಲ್ಲ ಒಂದೇ ಸಾಲಲ್ಲಿ. ಡಬಲ್ಸ್ ಅಂದ್ರೆ ಎರಡು 'ಬಾರಾ', ಅರಿಶಿನ ಹಾಕಿದ ಮೈದಾದ ಮೆತ್ತನೆ ಪೂರಿ. ಅದರ ಮೇಲೆ ಕಾಬೂಲಿ ಕಡಲೆ, ಹುಣಸೆ ಚಟ್ನಿ, ಸೌತೆಕಾಯಿ. ಮಾಂಸ ಇಲ್ಲ. ಖಾರ ಎಷ್ಟು ಅಂತ ಕೇಳಿದ್ರೆ "ಸ್ಲೈಟ್" ಅನ್ನಿ. ನಾನು ಊರಿನ ಜಂಭದಲ್ಲಿ ಜಾಸ್ತಿ ಹಾಕಿಸಿಕೊಂಡು ಕಣ್ಣೀರು ಸುರಿಸಿದೆ. ಶುಗರ್‌ಗೆ ಮೈದಾ ಒಳ್ಳೇದಲ್ಲ, ಗೊತ್ತು. ಅವತ್ತು ಅಮ್ಮ ಹೊಟ್ಟೆಗೆ ಹಾಕಿಕೊಂಡದ್ದೇ ದೊಡ್ಡದು.

ಇದೆಲ್ಲ ಅಲ್ಲಿಗೆ ಬಂದದ್ದು ಹೇಗೆ? 1845ರ ಮೇ 30ರಂದು ಫತೇಲ್ ರಜಾಕ್ ಅನ್ನೋ ಹಡಗು ಕಲ್ಕತ್ತಾದಿಂದ ಕರಾರು ಕೂಲಿಗಳನ್ನ ಕಬ್ಬಿನ ತೋಟಗಳಿಗೆ ತಂದು ಇಳಿಸಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಹೀಗೆ ಬಂದ್ರು, ಹೆಚ್ಚಿನವರು ಭೋಜ್‌ಪುರಿ ಸೀಮೆಯವರು. ಅದಕ್ಕೇ ಅಲ್ಲಿ ಜೀರಿಗೆ ಇವತ್ತಿಗೂ 'ಗೀರಾ', ಸುಟ್ಟ ಬದನೆಕಾಯಿ ಗೊಜ್ಜು 'ಬೈಗನ್ ಚೋಕಾ'. ದಾಲ್‌ಪುರಿ ನಮ್ಮ ಹೋಳಿಗೆ ಥರಾನೇ, ಒಳಗೆ ಬೇಳೆ, ಆದ್ರೆ ಸಿಹಿ ಇಲ್ಲ. ರೋಟಿ ಅಂಗಡಿಗಳಲ್ಲಿ ಆಡು, ಕೋಳಿ ಎಲ್ಲ ಪಕ್ಕಪಕ್ಕದಲ್ಲೇ ಇರುತ್ತೆ. ಸೌಟು ಬೇರೆ ತಗೊಳ್ಳಿ ಅಂತ ಮೊದಲೇ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನಾಲ್ಕನೇ ದಿನ ಅದೇ ಟ್ಯಾಕ್ಸಿಯಲ್ಲಿ ದಕ್ಷಿಣದ ಡೆಬೆ ಊರಿಗೆ ಹೋದ್ವಿ. ರಸ್ತೆ ಬದಿಯಲ್ಲಿ ಸಾಲು ಅಂಗಡಿ. ಫುಲೌರಿ, ಆಲೂ ಪೈ, ಸಾಹಿನಾ. ಸಾಹಿನಾ ಮುರಿದು ನೋಡಿದ ಅಮ್ಮ ಅಲ್ಲೇ ನಿಂತುಬಿಟ್ರು. "ಇದು ಕೆಸುವಿನ ಎಲೆ ಅಲ್ವಾ?" ಹೌದು, ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಾಕಿ ಕರಿದದ್ದು. ಅಂಗಡಿಯಾಕೆ ಅದನ್ನ 'ಡಶೀನ್' ಅಂದ್ರು.

"ಹುಳಿ ಹಾಕದಿದ್ರೆ ನಾಲಿಗೆ ತುರಿಸಲ್ವಾ, ಕೇಳು" ಅಂದ್ರು ಅಮ್ಮ. ನಾನು ಇಂಗ್ಲಿಷಲ್ಲಿ ಕೇಳಿದೆ. ಆಕೆ ನಗುತ್ತಾ ಹುಣಸೆ ಚಟ್ನಿಯ ಡಬ್ಬ ಮುಂದೆ ತಳ್ಳಿದ್ರು. ಅಮ್ಮ ಅಲ್ಲೇ ಮೂರು ತಿಂದು, ರಾತ್ರಿಗೆ ಅಂತ ಇನ್ನೂ ನಾಲ್ಕು ಕಟ್ಟಿಸಿಕೊಂಡ್ರು.