ಮೈಮೇಲೆ ಕಣ್ಣುಳ್ಳ ತೊರಕೆ

ಮಕ್ಕಳೇ, ಸವದತ್ತಿ ಹತ್ತಿರದ ಹೂಲಿಯಲ್ಲಿ ಹೊತ್ತು ಮುಳುಗುವಾಗ ಗೋವಿನಜೋಳದ ಹೊಲದ ಬದುವಿನ ಮೇಲೆ ನಿಂತು ನೋಡಿ. ಬೇರೆ ಚಿಟ್ಟೆಗಳೆಲ್ಲ ಗೂಡು ಸೇರಿದ ಮೇಲೆ ಕಂದು ಚಿಟ್ಟೆಯೊಂದು ಏಳುತ್ತದೆ. ನೆಲದ ಹತ್ತಿರವೇ ಕುಪ್ಪಳಿಸಿದ ಹಾಗೆ ಹಾರಿ, ಥಟ್ಟನೆ ಕೂತು ರೆಕ್ಕೆ ಮಡಚಿಬಿಡುತ್ತದೆ.

ಶ್ರಾವಣದಲ್ಲಿ ನೋಡಿದರೆ ಮಡಚಿದ ರೆಕ್ಕೆಯ ಮೇಲೆ ಸಾಲುಸಾಲು ಕಣ್ಣು! ನಡುವೆ ಬಿಳಿ ಬೊಟ್ಟು, ಸುತ್ತ ಕಪ್ಪು, ಅದರ ಸುತ್ತ ಹಳದಿ ಬಳೆ. ಸಂಕ್ರಾಂತಿ ಹೊತ್ತಿಗೆ ನೋಡಿದರೆ ಆ ಕಣ್ಣುಗಳು ಮಾಯ. ರೆಕ್ಕೆಯೆಂದರೆ ಒಣಗಿದ ಎಲೆಯೇ. ಒಂದು ಬೂದಿ ಬಣ್ಣ, ಇನ್ನೊಂದು ಇಟ್ಟಂಗಿ ಕೆಂಪು, ಮತ್ತೊಂದಕ್ಕೆ ಕಪ್ಪು ಮಚ್ಚೆ. ಹತ್ತು ನೋಡಿದರೆ ಹತ್ತೂ ಬೇರೆ. ಹಾಗಾದರೆ ಇವು ಹತ್ತು ಜಾತಿಯೋ, ಒಂದೇ ಜಾತಿಯೋ?

ಇದೇ ಪ್ರಶ್ನೆ ಬಹು ದೂರದ ಒಂದು ನದಿಯ ಮೀನಿನ ವಿಷಯದಲ್ಲೂ ಎದ್ದಿತ್ತು. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ಬಳಗ ಅದು. ಮಲಪ್ರಭೆಯ ದಂಡೆಯವರಾದ ನೀವು ತೊರಕೆಯನ್ನು ನೋಡಿರಲಿಕ್ಕಿಲ್ಲ. ತಟ್ಟಿಟ್ಟ ಜೋಳದ ರೊಟ್ಟಿಗೆ ಒಂದು ಬಾಲ ಹಚ್ಚಿದಂತಿರುತ್ತದೆ. ಬಾಲದ ಮೇಲೆ ವಿಷದ ಮುಳ್ಳು. ಮೈಯಲ್ಲಿ ಮೂಳೆಯೇ ಇಲ್ಲ, ಎಲ್ಲ ಮೃದ್ವಸ್ಥಿ. ನಿಮ್ಮ ಕಿವಿಯನ್ನು ಮಡಚಿ ನೋಡಿ, ಬಾಗುತ್ತದಲ್ಲ, ಅದೇ ಮೃದ್ವಸ್ಥಿ.

ತೊರಕೆಗಳಲ್ಲಿ ಹೆಚ್ಚಿನವು ಸಮುದ್ರದವು. ಆದರೆ ದಕ್ಷಿಣ ಅಮೆರಿಕದ ಕೆಲವು ತೊರಕೆಗಳು ಸಿಹಿನೀರಿನಲ್ಲೇ ಹುಟ್ಟಿ, ಅಲ್ಲೇ ಬಾಳಿ, ಅಲ್ಲೇ ಸಾಯುತ್ತವೆ. ಅವುಗಳಲ್ಲೊಂದು ಪೊಟಾಮೊಟ್ರೈಗಾನ್ ಮೊಟೊರೊ. ಹೆಸರು ಉದ್ದವಾಯಿತೆಂದು ಹೆದರಬೇಡಿ. ಗ್ರೀಕ್ ಭಾಷೆಯಲ್ಲಿ ಪೊಟಾಮೊಸ್ ಎಂದರೆ ನದಿ, ಟ್ರೈಗಾನ್ ಎಂದರೆ ಮುಳ್ಳುಬಾಲದ ತೊರಕೆ. 1841ರಲ್ಲಿ ಮ್ಯೂಲರ್ ಮತ್ತು ಹೆನ್ಲೆ ಎಂಬ ಜರ್ಮನ್ ವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದರು. ಇದರ ಬೆನ್ನ ಮೇಲೂ ನಮ್ಮ ಚಿಟ್ಟೆಗಿರುವಂಥ ಕಣ್ಣುಗಳಿವೆ! ಹಳದಿ ಇಲ್ಲವೆ ಕಿತ್ತಳೆ ಬೊಟ್ಟು, ಸುತ್ತ ಕಪ್ಪು ಬಳೆ.

ತೊಡಕು ಶುರುವಾಗಿದ್ದೇ ಆ ಬೊಟ್ಟುಗಳಿಂದ. ಒಂದು ಮೀನಿಗೆ ದೊಡ್ಡವು, ಒಂದಕ್ಕೆ ಸಣ್ಣವು, ಒಂದಕ್ಕೆ ಒತ್ತಾಗಿ, ಇನ್ನೊಂದಕ್ಕೆ ಅಲ್ಲೊಂದು ಇಲ್ಲೊಂದು. ಬಣ್ಣ ಬೇರೆಯಾದದ್ದಕ್ಕೆಲ್ಲ ಬೇರೆ ಹೆಸರಿಟ್ಟರೆ ಹೆಸರುಗಳೇ ಸಾಲವು. ಎಲ್ಲವನ್ನೂ ಒಂದೇ ಎಂದುಬಿಟ್ಟರೆ, ನಿಜವಾಗಿಯೂ ಬೇರೆಯಾದ ಜಾತಿ ಅದರೊಳಗೇ ಅಡಗಿ ಕೂತುಬಿಡುತ್ತದೆ.

ಬ್ರೆಜಿಲ್‌ನ ಲೊಬೊಡಾ ಮತ್ತು ಕಾರ್ವಾಲ್ಯೊ ಎಂಬ ವಿಜ್ಞಾನಿಗಳು ಪರಾನಾ, ಪರಗ್ವಾಯ್ ನದಿಗಳ ತೊರಕೆಗಳನ್ನು ಸಾಲಾಗಿಟ್ಟುಕೊಂಡು ಕೂತರು. ಬಣ್ಣ ನೋಡಿದರು, ಆದರೆ ಬಣ್ಣವೊಂದನ್ನೇ ನಂಬಲಿಲ್ಲ. ತೊರಕೆಯ ಚರ್ಮದ ಮೇಲೆ ಹಲ್ಲಿನಂಥ ಪುಟ್ಟ ಕಣಗಳಿರುತ್ತವೆ, ಅವುಗಳ ಆಕಾರ ನೋಡಿದರು. ಬಾಲದ ಮೇಲಿನ ಮುಳ್ಳುಸಾಲು, ಒಳಗಿನ ಮೃದ್ವಸ್ಥಿ, ನೀರಿನ ಅಲುಗಾಟವನ್ನು ಗುರುತಿಸುವ ನಾಳಗಳು, ಎಲ್ಲವನ್ನೂ ನೋಡಿದರು. ಅಳತೆಯಲ್ಲೂ ಒಂದು ಜಾಣತನವಿದೆ. ಮರಿಯೂ ದೊಡ್ಡದೂ ಒಂದೇ ಉದ್ದ ಇರುವುದಿಲ್ಲವಲ್ಲ, ಅದಕ್ಕೇ ಮೈಯಗಲದಲ್ಲಿ ಬಾಲ ಎಷ್ಟು ಪಾಲು, ಕಣ್ಣು ಎಷ್ಟು ಪಾಲು ಎಂದು ಲೆಕ್ಕ ಹಾಕುತ್ತಾರೆ. ಬೆನ್ನಿನ ಬೊಟ್ಟು ಮೀನಿನ ನಿಜವಾದ ಕಣ್ಣಿಗಿಂತ ದೊಡ್ಡದೋ ಸಣ್ಣದೋ ಎಂಬುದೂ ಒಂದು ಗುರುತು.

ಗಂಡು, ಹೆಣ್ಣು, ಮರಿ, ಎಲ್ಲವನ್ನೂ ನೋಡಲೇಬೇಕು. ಬಲಿತ ಗಂಡು ತೊರಕೆಯ ಹಲ್ಲು ಚೂಪು. ಹಲ್ಲನ್ನಷ್ಟೇ ನೋಡಿ ತೀರ್ಪು ಕೊಟ್ಟವರು ಗಂಡನ್ನೂ ಹೆಣ್ಣನ್ನೂ ಎರಡು ಜಾತಿ ಮಾಡಿಬಿಟ್ಟಾರು! ಎಲ್ಲ ನೋಡಿ ಮುಗಿಸಿ 2013ರಲ್ಲಿ ಅವರು ಬರೆದರು: ಮೊಟೊರೊ ಎಂದುಕೊಂಡಿದ್ದ ಗುಂಪಿನೊಳಗೆ ಇನ್ನೂ ಎರಡು ಹೊಸ ಜಾತಿಗಳಿವೆ. ಒಂದಕ್ಕೆ ಪಂತನಾಲ್ ಎಂಬ ಜೌಗು ನಾಡಿನ ಹೆಸರು ಬಂತು, ಪಂಟಾನೆನ್ಸಿಸ್ ಎಂದು. ಇನ್ನೊಂದು ಅಮಾಂಡೆ.

ನಮ್ಮ ಹೂಲಿಯ ಚಿಟ್ಟೆಯ ಕತೆ ಇದರ ತಿರುವುಮುರುವು. ಕಣ್ಣಿನ ಚಿಟ್ಟೆಗೆ ಮೆಲನೈಟಿಸ್ ಲೀಡಾ ಎಂದೂ ಎಲೆಯಂಥದ್ದಕ್ಕೆ ಇಸ್ಮೀನ್ ಎಂದೂ ಎರಡು ಹೆಸರು ನಡೆದಿದ್ದವು. ಲಯೊನೆಲ್ ಡಿ ನೀಸ್‌ವಿಲ್ ಎಂಬುವರು ಕಲ್ಕತ್ತದಲ್ಲಿ ಇಂಥ ಚಿಟ್ಟೆಗಳ ಹುಳಗಳನ್ನು ಸಾಕಿ, ಕಂಡದ್ದನ್ನು 1886ರಲ್ಲಿ ಪ್ರಕಟಿಸಿದರು. ಈಗ ಎಲ್ಲರೂ ಒಪ್ಪಿದ್ದಾರೆ, ಎರಡೂ ಒಂದೇ ಜಾತಿ. ಒಂದು ಮಳೆಗಾಲದ ಅಂಗಿ, ಒಂದು ಒಣಗಾಲದ ಅಂಗಿ. ಹಸಿರು ಹುಲ್ಲಿದ್ದಾಗ ಕಣ್ಣು, ಎಲೆ ಉದುರಿದಾಗ ಎಲೆಯ ವೇಷ. ಯಾವ ಅಂಗಿಯಲ್ಲಿದ್ದರೂ ರೆಕ್ಕೆ ಬಿಚ್ಚಿದಾಗ ಮುಂದಿನ ರೆಕ್ಕೆಯ ತುದಿಯ ಹತ್ತಿರ ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಬೊಟ್ಟು ಕಾಣುತ್ತವೆ.

ನೀವೂ ಇದನ್ನು ಮಾಡಿ ನೋಡಬಹುದು. ಜೋಳದ ಎಲೆಯ ಮೇಲೆ ತಲೆಗೆ ಎರಡು ಪುಟ್ಟ ಕೋಡಿರುವ ಹಸಿರು ಹುಳ ಹುಡುಕಿ. ಶ್ರಾವಣದಲ್ಲಿ ಒಂದನ್ನು, ದೀಪಾವಳಿ ಹೊತ್ತಿಗೆ ಹಿಂಗಾರಿ ಜೋಳದಲ್ಲಿ ಇನ್ನೊಂದನ್ನು ತಂದು, ಬಾಯಿಗೆ ತೆಳು ಬಟ್ಟೆ ಕಟ್ಟಿದ ಡಬ್ಬಿಯಲ್ಲಿ ದಿನಾ ಹೊಸ ಎಲೆ ಹಾಕಿ ಸಾಕಿ. ಚಿಟ್ಟೆ ಹೊರಬಂದ ದಿನ ರೆಕ್ಕೆಯ ಚಿತ್ರ ಬರೆದು, ತಾರೀಖು ಹಾಕಿ, ಸಂಜೆ ಅದನ್ನು ಹೊಲಕ್ಕೆ ಬಿಟ್ಟುಬನ್ನಿ.